ಸ್ಲೆಡ್ ವೇಗದ ಲೆಕ್ಕ: ದುಡ್ಡು ಹಾಕಬೇಕಾದದ್ದು ಮೊದಲ ಐವತ್ತು ಮೀಟರಿಗೆ

2026ರ ಫೆಬ್ರವರಿಯಲ್ಲಿ ಇಟಲಿಯಲ್ಲಿ ನಡೆದ ಮಿಲಾನೊ–ಕೊರ್ಟಿನಾ ಚಳಿಗಾಲದ ಒಲಿಂಪಿಕ್ಸ್‌ಗೆ ಕಟ್ಟಿದ ಅಂಗಣಗಳಲ್ಲಿ ಹೆಚ್ಚು ವಾದಕ್ಕೆ ಸಿಕ್ಕಿದ್ದು ಕೊರ್ಟಿನಾದ ಸ್ಲೆಡ್ ಟ್ರ್ಯಾಕ್, ಅಂದರೆ ಚಕ್ರವಿಲ್ಲದ ಜಾರುಬಂಡಿಗಳು ಇಳಿಯುವ ಮಂಜುಗಡ್ಡೆಯ ಕಾಲುವೆ. ಅಲ್ಲಿನ ಹಳೆಯ ಟ್ರ್ಯಾಕ್ 2008ರಲ್ಲೇ ಮುಚ್ಚಿತ್ತು. ಹೊಸದು ಕಟ್ಟಬೇಡಿ, ಪಕ್ಕದ ದೇಶಗಳಲ್ಲಿರುವ ಟ್ರ್ಯಾಕನ್ನೇ ಬಳಸಿ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಹೇಳಿತು. ಇಟಲಿ ಸರ್ಕಾರ ಕೇಳಲಿಲ್ಲ. 2024ರ ಆರಂಭದಲ್ಲಿ ಕೆಲಸ ಶುರುವಾಗಿ 2025ರ ಮಾರ್ಚ್‌ನಲ್ಲಿ ಮೊದಲ ಪರೀಕ್ಷಾ ಓಟ ನಡೆಯಿತು. ಖರ್ಚು ಸುಮಾರು 11.8 ಕೋಟಿ ಯೂರೋ, ಅಂದರೆ ಸಾವಿರ ಕೋಟಿ ರೂಪಾಯಿಗೂ ಮೇಲೆ. ಜಾಗ ಬಿಡಿಸಲು ನೂರಾರು ಲಾರ್ಚ್ ಮರಗಳು ಉರುಳಿದವು. ಕೆಲಸ ಸಮಯಕ್ಕೆ ಮುಗಿಯದೇ ಹೋದರೆ ಇರಲಿ ಎಂದು ಅಮೆರಿಕದ ಲೇಕ್ ಪ್ಲಾಸಿಡ್ ಟ್ರ್ಯಾಕನ್ನು ಬದಲಿ ವ್ಯವಸ್ಥೆಯಾಗಿ ಇಟ್ಟುಕೊಂಡಿದ್ದರು.

ಬಳಕೆಯಲ್ಲಿರುವ ಇಂಥ ಟ್ರ್ಯಾಕುಗಳು ಇಡೀ ಜಗತ್ತಿನಲ್ಲಿ ಇಪ್ಪತ್ತೂ ಇಲ್ಲ. ಭಾರತದಲ್ಲಿ ಒಂದೂ ಇಲ್ಲ. ಹಾಗಾಗಿ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೂತವರಿಗೆ ಇದು ದೂರದ ದೇಶದ ಜಗಳ ಅನ್ನಿಸುವುದು ಸಹಜ. ಆದರೆ ಸ್ಲೆಡ್‌ಗೆ ವೇಗ ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿ ಹೋಗುತ್ತದೆ ಎಂದು ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಇಳಿಜಾರು ಎಲ್ಲ ಸ್ಪರ್ಧಿಗಳಿಗೂ ಒಂದೇ. ಅದು ಕೊಟ್ಟ ವೇಗವನ್ನು ಯಾರು ಕಡಿಮೆ ಕಳೆದುಕೊಳ್ಳುತ್ತಾರೋ ಅವರು ಗೆಲ್ಲುತ್ತಾರೆ. ಇಳಿಜಾರಿಗಿಂತ ಮೊದಲೇ ಸ್ಪರ್ಧಿ ತಾನೇ ಸಂಪಾದಿಸಿಕೊಳ್ಳುವ ವೇಗವೂ ಒಂದಿದೆ, ಆರಂಭದಲ್ಲಿ ಸ್ಲೆಡ್ಡನ್ನು ತಳ್ಳುತ್ತ ಓಡುವಾಗಿನದು. ಅದಕ್ಕೆ ಹಿಮವೂ ಬೇಡ, ಬೆಟ್ಟವೂ ಬೇಡ.

ಎತ್ತರ ಕೊಡುವುದೆಷ್ಟು, ಉಳಿಯುವುದೆಷ್ಟು

ಕೆನಡಾದ ವಿಸ್ಲರ್ ಟ್ರ್ಯಾಕ್ ಈ ಕ್ರೀಡೆಯ ಅತಿ ವೇಗದ ಟ್ರ್ಯಾಕುಗಳಲ್ಲೊಂದು. 16 ತಿರುವು, ಸುಮಾರು 1,450 ಮೀಟರ್ ಉದ್ದ, ಮೇಲಿನಿಂದ ಕೆಳಕ್ಕೆ 152 ಮೀಟರ್ ಇಳಿತ. ಘರ್ಷಣೆಯಾಗಲೀ ಗಾಳಿಯ ತಡೆಯಾಗಲೀ ಇಲ್ಲವೆಂದುಕೊಂಡರೆ 152 ಮೀಟರ್ ಇಳಿದ ವಸ್ತುವಿನ ವೇಗ ಎಷ್ಟಿರಬೇಕು? ಎತ್ತರವನ್ನು 9.8ರಿಂದಲೂ 2ರಿಂದಲೂ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 54.6 ಮೀಟರ್, ಅಂದರೆ ಗಂಟೆಗೆ 196 ಕಿ.ಮೀ. 2010ರಲ್ಲಿ ಆಸ್ಟ್ರಿಯಾದ ಮ್ಯಾನುಯೆಲ್ ಫಿಸ್ಟರ್ ಅದೇ ಟ್ರ್ಯಾಕಿನಲ್ಲಿ ಲ್ಯೂಜ್ ಎಂಬ ಸಣ್ಣ ಸ್ಲೆಡ್ ಮೇಲೆ ಮುಟ್ಟಿದ ವೇಗ 154 ಕಿ.ಮೀ. ಶಕ್ತಿಯ ಲೆಕ್ಕದಲ್ಲಿ ನೋಡಿದರೆ ಎತ್ತರ ಕೊಟ್ಟದ್ದರಲ್ಲಿ ನೂರಕ್ಕೆ ಅರವತ್ತೊಂದರಷ್ಟು ಉಳಿದಿದೆ, ಮೂವತ್ತೊಂಬತ್ತರಷ್ಟು ಗಾಳಿಗೂ ಮಂಜುಗಡ್ಡೆಗೂ ಹೋಗಿದೆ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60 ಕಿ.ಮೀ. ವೇಗದಲ್ಲಿ ಇದ್ದ ತಡೆ 120ಕ್ಕೆ ನಾಲ್ಕು ಪಟ್ಟು. ಅದಕ್ಕೇ ಲ್ಯೂಜ್ ಸ್ಪರ್ಧಿ ಅಂಗಾತ ಮಲಗಿ, ಕಾಲ್ಬೆರಳುಗಳನ್ನು ಮುಂದಕ್ಕೆ ಚಾಚಿ, ತಲೆಯನ್ನು ಹಿಂದಕ್ಕೆ ಇಳಿಬಿಟ್ಟು ಸಾಗುತ್ತಾನೆ. ದಾರಿ ನೋಡಲು ಎಂದು ತಲೆ ಎತ್ತಿದರೆ ಹೆಲ್ಮೆಟ್ ಗಾಳಿಗೆ ಅಡ್ಡ ಬರುತ್ತದೆ, ಗಡಿಯಾರದಲ್ಲಿ ಅದು ಕಾಣುತ್ತದೆ. ಅನುಭವಿಗಳು ತಿರುವುಗಳನ್ನು ಬಾಯಿಪಾಠ ಮಾಡಿಕೊಂಡು, ಕಣ್ಣಂಚಿನಲ್ಲಿ ಕಾಣುವ ಗೋಡೆಯ ಅಂಚಿನಿಂದಲೇ ಜಾಗ ಗುರುತಿಸುತ್ತಾರೆ.

ಎರಡನೆಯ ನಷ್ಟ ಮಂಜುಗಡ್ಡೆಯ ಮೇಲಿನ ಘರ್ಷಣೆ. ಇಲ್ಲಿ ನಮ್ಮ ಮಕ್ಕಳ ಆಟವೊಂದನ್ನು ನೆನಪಿಸಿಕೊಳ್ಳಬಹುದು. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಉದುರಿದ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಸೋಗೆ ಹಿಡಿದು ಎಳೆಯುತ್ತಾನೆ. ಎಳೆಯುವವನು ನಿಂತರೆ ಹಾಳೆಯೂ ಅಲ್ಲೇ ನಿಲ್ಲುತ್ತದೆ. ಎಷ್ಟು ಇಳಿಜಾರಿದ್ದರೆ ಅದು ತಾನಾಗಿ ಜಾರುತ್ತದೆ ಎಂದು ಶಾಲೆಯಲ್ಲೇ ಅಳೆಯಬಹುದು. ಒಂದು ಮೀಟರ್ ಉದ್ದದ ಹಲಗೆಯ ಮೇಲೆ ಹಾಳೆಯ ತುಂಡಿಟ್ಟು, ಅದರ ಮೇಲೊಂದು ಕಲ್ಲಿಟ್ಟು, ಒಂದು ತುದಿಯನ್ನು ನಿಧಾನ ಎತ್ತಬೇಕು. 30 ಸೆಂ.ಮೀ. ಎತ್ತಿದಾಗ ಜಾರಲು ಶುರುವಾಯಿತು ಎಂದಿಟ್ಟುಕೊಳ್ಳಿ, ಆಗ ಎತ್ತರವನ್ನು ಹಲಗೆಯ ನೆರಳಿನ ಉದ್ದದಿಂದ, ಅಂದರೆ ನೆಲದ ಮೇಲಿನ 95 ಸೆಂ.ಮೀ.ಯಿಂದ, ಭಾಗಿಸಿದರೆ ಘರ್ಷಣಾಂಕ 0.31. ಮಂಜುಗಡ್ಡೆಯ ಮೇಲೆ ನಯವಾದ ಉಕ್ಕಿಗೆ ಅದು 0.01ರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕಡಿಮೆ. ನೂರು ಮೀಟರಿಗೆ ಒಂದು ಮೀಟರ್ ಇಳಿತವಿದ್ದರೂ ಸ್ಲೆಡ್ ನಿಲ್ಲದೆ ಸಾಗುತ್ತದೆ.

ಮಂಜುಗಡ್ಡೆ ಇಷ್ಟು ಜಾರುವುದು ಏಕೆ ಎಂಬುದಕ್ಕೆ ಪಠ್ಯಪುಸ್ತಕಗಳು ಬಹಳ ಕಾಲ ಒಂದೇ ಉತ್ತರ ಕೊಟ್ಟವು: ಭಾರದ ಒತ್ತಡಕ್ಕೆ ಕರಗಿ ನೀರಾಗುತ್ತದೆ, ಆ ನೀರೇ ಎಣ್ಣೆಯಂತೆ ಕೆಲಸ ಮಾಡುತ್ತದೆ. ಲೆಕ್ಕ ಹಾಕಿದರೆ ಇದು ಸಾಲುವುದಿಲ್ಲ. ಕರಗುವ ಬಿಂದುವನ್ನು ಒಂದು ಡಿಗ್ರಿ ಇಳಿಸಲು ವಾತಾವರಣದ ಒತ್ತಡದ ನೂರು ಪಟ್ಟಿಗೂ ಹೆಚ್ಚು ಬೇಕು, −20 ಡಿಗ್ರಿಯಲ್ಲೂ ಜನ ಜಾರುತ್ತಲೇ ಇರುತ್ತಾರೆ. ಮೇಲ್ಮೈಯ ನೀರಿನ ಅಣುಗಳು ಒಳಗಿನವುಗಳಷ್ಟು ಗಟ್ಟಿಯಾಗಿ ಕಟ್ಟಿಕೊಂಡಿರುವುದಿಲ್ಲ, ಜೊತೆಗೆ ಉಜ್ಜುವಿಕೆಯ ಶಾಖ ತೆಳುವಾದ ಪದರವನ್ನು ಸಡಿಲಿಸುತ್ತದೆ. ಈ ಎರಡೂ ಸೇರಿದ ವಿವರಣೆಯೇ ಈಗ ಹೆಚ್ಚು ಒಪ್ಪಿತ. ಘರ್ಷಣೆ ಅತಿ ಕಡಿಮೆ ಇರುವುದು −7 ಡಿಗ್ರಿಯ ಸುಮಾರಿಗೆ. ಅದಕ್ಕಿಂತ ಬೆಚ್ಚಗಾದರೆ ಮಂಜುಗಡ್ಡೆ ಮೆತ್ತಗಾಗಿ ಉಕ್ಕು ಅದನ್ನು ಉಳುತ್ತದೆ, ತೀರಾ ತಣ್ಣಗಾದರೆ ಮೇಲ್ಮೈ ಒಣಗಿದಂತಾಗಿ ಹಿಡಿಯುತ್ತದೆ.

ಸ್ಲೆಡ್ ಕೆಳಗಿನ ಉಕ್ಕಿನ ಪಟ್ಟಿಗಳಿಗೆ, ಅಂದರೆ ರನ್ನರುಗಳಿಗೆ, ತಂಡಗಳು ಗಂಟೆಗಟ್ಟಲೆ ಉಜ್ಜುಕಾಗದ ಹಾಕುವುದು ಇದೇ ಕಾರಣಕ್ಕೆ. ಒರಟು ಕಾಗದದಿಂದ ಶುರು ಮಾಡಿ ನಯವಾದದ್ದಕ್ಕೆ ಬರುತ್ತಾರೆ, ಕೊನೆಗೆ ವಜ್ರದ ಪುಡಿಯ ಲೇಪದಿಂದ ಕನ್ನಡಿ ಹೊಳಪು ತರಿಸುತ್ತಾರೆ. ಯಾವಾಗಲೂ ಸ್ಲೆಡ್ ಸಾಗುವ ದಿಕ್ಕಿನ ಉದ್ದಕ್ಕೇ ಉಜ್ಜಬೇಕು. ಅಡ್ಡ ಗೀರು ಬಿದ್ದರೆ ಅದು ಸಣ್ಣ ಬ್ರೇಕಿನಂತೆ ಕೆಲಸ ಮಾಡುತ್ತದೆ. ಲ್ಯೂಜ್ ರನ್ನರಿನ ಅಂಚಿನ ವಿಷಯ ಇನ್ನೂ ನಾಜೂಕು. ಅಂಚು ಚೂಪಾದಷ್ಟೂ ಹಿಡಿತ ಹೆಚ್ಚು, ಆದರೆ ಮಂಜುಗಡ್ಡೆಯನ್ನು ಕೊರೆದು ವೇಗ ತಿನ್ನುತ್ತದೆ. ದುಂಡಾದಷ್ಟೂ ವೇಗ ಹೆಚ್ಚು, ಆದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಬೆಳಿಗ್ಗೆಯ ಗಟ್ಟಿ ಮಂಜಿಗೆ ಹೊಂದಿಸಿದ ಅಂಚು ಮಧ್ಯಾಹ್ನದ ಮೆತ್ತನೆ ಮಂಜಿನಲ್ಲಿ ಕೈಕೊಡುವುದು ಸಾಮಾನ್ಯ.

ಉಕ್ಕನ್ನು ಬಿಸಿ ಮಾಡಿದರೆ ಇನ್ನೂ ಚೆನ್ನಾಗಿ ಜಾರುತ್ತದೆ, ಆದ್ದರಿಂದ ಅದು ನಿಷಿದ್ಧ. 1968ರ ಗ್ರೆನೋಬಲ್ ಒಲಿಂಪಿಕ್ಸ್‌ನಲ್ಲಿ ಮುಂಚೂಣಿಯಲ್ಲಿದ್ದ ಪೂರ್ವ ಜರ್ಮನಿಯ ಮೂವರು ಲ್ಯೂಜ್ ಮಹಿಳೆಯರನ್ನು ರನ್ನರ್ ಬಿಸಿ ಮಾಡಿದ ಆರೋಪದ ಮೇಲೆ ಹೊರಹಾಕಿದರು. ಇಂದಿಗೂ ಪ್ರತಿ ಓಟದ ಮೊದಲು ರನ್ನರಿನ ಉಷ್ಣತೆ ಅಳೆಯುತ್ತಾರೆ. ಹೊರಗಿನ ಗಾಳಿಯಲ್ಲಿ ತೂಗುಬಿಟ್ಟ ಮಾದರಿ ಉಕ್ಕಿಗಿಂತ ಕೆಲವೇ ಡಿಗ್ರಿ ಹೆಚ್ಚಿದ್ದರೂ ಸ್ಪರ್ಧಿ ಮನೆಗೆ.

ಡಾವೋಸ್ ರಸ್ತೆಯಿಂದ ಕಾಂಕ್ರೀಟಿನವರೆಗೆ

ಸಾಮಾನು ಸಾಗಿಸಲು ಸ್ಲೆಡ್ ಸಾವಿರಾರು ವರ್ಷಗಳಿಂದ ಇದೆ. ಅದು ಪಂದ್ಯದ ವಸ್ತುವಾದದ್ದು ಸ್ವಿಟ್ಜರ್ಲೆಂಡಿನಲ್ಲಿ, ಚಳಿಗಾಲ ಕಳೆಯಲು ಬಂದ ಪ್ರವಾಸಿಗರಿಂದ. 1883ರ ಫೆಬ್ರವರಿಯಲ್ಲಿ ಡಾವೋಸ್‌ನಿಂದ ಕ್ಲೋಸ್ಟರ್ಸ್‌ವರೆಗಿನ ನಾಲ್ಕು ಕಿ.ಮೀ. ರಸ್ತೆಯಲ್ಲಿ ಮೊದಲ ಅಂತರರಾಷ್ಟ್ರೀಯ ಸ್ಲೆಡ್ ಪಂದ್ಯ ನಡೆಯಿತು. ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ, ಕ್ಲೋಸ್ಟರ್ಸ್‌ನ ಒಬ್ಬ ಅಂಚೆಯವ, ಇಬ್ಬರೂ 9 ನಿಮಿಷ 15 ಸೆಕೆಂಡಿನಲ್ಲಿ ಗುರಿ ಮುಟ್ಟಿ ಸಮನಾದರು. ಸರಾಸರಿ ಗಂಟೆಗೆ 26 ಕಿ.ಮೀ. ನಮ್ಮ ರಸ್ತೆಯಲ್ಲಿ ಸೈಕಲ್ ತುಳಿಯುವ ಗಟ್ಟಿ ಹುಡುಗ ಈ ವೇಗ ಮುಟ್ಟುತ್ತಾನೆ.

ಮುಂದಿನ ಹೆಜ್ಜೆ ಸೇಂಟ್ ಮೊರಿಟ್ಜ್‌ನದು. ಅಲ್ಲಿನ ಬೀದಿಗಳಲ್ಲಿ ಪ್ರವಾಸಿಗರು ಸ್ಲೆಡ್ ಓಡಿಸಿ ದಾರಿಹೋಕರಿಗೆ ಗುದ್ದತೊಡಗಿದಾಗ ಅವರಿಗೆಂದೇ ಬೇರೆ ದಾರಿ ಬೇಕಾಯಿತು. 1884–85ರ ಚಳಿಗಾಲದಲ್ಲಿ ಕ್ರೆಸ್ಟಾ ರನ್ ಕಟ್ಟಿದರು, 1904ರಿಂದ ಬಾಬ್‌ಸ್ಲೆಡ್‌ಗೆ, ಅಂದರೆ ಸವಾರರು ಒಳಗೆ ಕೂತು ಸಾಗುವ ದೊಡ್ಡ ಸ್ಲೆಡ್‌ಗೆ, ಪ್ರತ್ಯೇಕ ಟ್ರ್ಯಾಕ್ ಬಂತು. ಈ ಎರಡನೆಯದನ್ನು ಇವತ್ತಿಗೂ ಪ್ರತಿ ವರ್ಷ ಹಿಮ ಮತ್ತು ನೀರಿನಿಂದಲೇ ಹೊಸದಾಗಿ ಕಟ್ಟುತ್ತಾರೆ, ವಸಂತ ಬಂದಾಗ ಅದು ಕರಗಿ ಹೋಗುತ್ತದೆ. ಕಾಂಕ್ರೀಟ್ ಇಲ್ಲ, ಪೈಪ್ ಇಲ್ಲ.

1924ರ ಶಾಮೊನಿ ಒಲಿಂಪಿಕ್ಸ್‌ನಲ್ಲೇ ನಾಲ್ವರ ಬಾಬ್‌ಸ್ಲೆಡ್ ಇತ್ತು. ತಲೆ ಮುಂದಾಗಿ, ಹೊಟ್ಟೆಯ ಮೇಲೆ ಮಲಗಿ ಸಾಗುವ ಸ್ಕೆಲೆಟನ್ 1928 ಮತ್ತು 1948ರಲ್ಲಿ ಸೇಂಟ್ ಮೊರಿಟ್ಜ್‌ನಲ್ಲಿ ಮಾತ್ರ ನಡೆದು, ಆಮೇಲೆ 2002ಕ್ಕೆ ಮರಳಿತು. ಲ್ಯೂಜ್ 1964ರಲ್ಲಿ ಸೇರಿತು. ಮಹಿಳೆಯರ ಬಾಬ್‌ಸ್ಲೆಡ್‌ಗೆ 2002ರವರೆಗೆ, ಮಹಿಳೆಯರ ಜೋಡಿ ಲ್ಯೂಜ್‌ಗೆ 2026ರವರೆಗೆ ಕಾಯಬೇಕಾಯಿತು. ಇಷ್ಟು ತಡವಾದದ್ದಕ್ಕೆ ಸರಿಯಾದ ಕಾರಣ ಒಂದೂ ಇರಲಿಲ್ಲ.

ತೂಕದ ಕಥೆ ಪಾಠದಂಥದ್ದು. ಗಾಳಿಯ ತಡೆ ಸ್ಲೆಡ್‌ನ ಆಕಾರಕ್ಕೆ ಸಂಬಂಧಿಸಿದ್ದು, ಎಳೆಯುವ ಬಲ ತೂಕಕ್ಕೆ ಸಂಬಂಧಿಸಿದ್ದು. ಆಕಾರ ಅಷ್ಟೇ ಇಟ್ಟು ತೂಕ ಏರಿಸಿದರೆ ವೇಗವೂ ಏರುತ್ತದೆ. 1952ರ ಓಸ್ಲೊ ಒಲಿಂಪಿಕ್ಸ್‌ಗೆ ಜರ್ಮನಿ ನಾಲ್ವರು ಭಾರೀ ಆಳುಗಳನ್ನು ಕೂರಿಸಿತು, ನಾಲ್ವರ ತೂಕವೇ 472 ಕೆಜಿ. ಚಿನ್ನ ಗೆದ್ದಿತು. ಆ ಬಳಿಕ ಸ್ಲೆಡ್ ಮತ್ತು ಸವಾರರ ಒಟ್ಟು ತೂಕಕ್ಕೆ ಮಿತಿ ಬಂತು. ಈಗ ನಾಲ್ವರ ಬಾಬ್‌ಗೆ 630 ಕೆಜಿ, ಪುರುಷರ ಇಬ್ಬರ ಬಾಬ್‌ಗೆ 390 ಕೆಜಿ. ನಾಲ್ವರ ಸ್ಲೆಡ್ ಖಾಲಿ ಇದ್ದಾಗ ಕನಿಷ್ಠ 210 ಕೆಜಿ ಇರಬೇಕು, ಆದ್ದರಿಂದ ಆಳುಗಳಿಗೆ ಉಳಿಯುವುದು 420, ತಲೆಗೆ 105 ಕೆಜಿ. ಲ್ಯೂಜ್‌ನಲ್ಲಿ ಹಗುರ ಸ್ಪರ್ಧಿಗಳು ನಿಯಮದ ಮಿತಿಯೊಳಗೆ ಮೈಗೆ ಸೀಸದ ತೂಕ ಕಟ್ಟಿಕೊಳ್ಳಲು ಅವಕಾಶವಿದೆ.

ಆಟವನ್ನು ಪೂರ್ತಿ ಬದಲಿಸಿದ್ದು ಶೀತಲ ಯಂತ್ರ. 1969ರ ಹೊತ್ತಿಗೆ ಜರ್ಮನಿಯ ಕೊನಿಗ್‌ಸೀಯಲ್ಲಿ ಮೊದಲ ಕೃತಕ ಮಂಜಿನ ಟ್ರ್ಯಾಕ್ ಸಿದ್ಧವಾಯಿತು. ಕಬ್ಬಿಣದ ಸರಳಿನ ಜಾಲಕ್ಕೆ ಪೈಪುಗಳನ್ನು ಕಟ್ಟಿ, ಅದರ ಮೇಲೆ ಒತ್ತಡದಿಂದ ಕಾಂಕ್ರೀಟ್ ಸಿಂಪಡಿಸಿ ಕಾಲುವೆಯ ಆಕಾರ ಕೊಡುತ್ತಾರೆ. ಪೈಪಿನಲ್ಲಿ ಅಮೋನಿಯ ಹರಿಸಿ ಕಾಂಕ್ರೀಟನ್ನು ತಣಿಸುತ್ತಾರೆ. ಮೇಲೆ ನೀರನ್ನು ಮಂಜಿನ ಹನಿಯಂತೆ ಪದರ ಪದರವಾಗಿ ಸಿಂಪಡಿಸಿ ಕೆಲವು ಸೆಂ.ಮೀ. ದಪ್ಪದ ಮಂಜುಗಡ್ಡೆ ಬೆಳೆಸುತ್ತಾರೆ. ಒಮ್ಮೆಗೇ ಹೆಚ್ಚು ನೀರು ಹಾಕಿದರೆ ಗಾಳಿಗುಳ್ಳೆ ಸಿಕ್ಕಿಕೊಂಡು, ಸ್ಲೆಡ್ ಹಾದಾಗ ಚಕ್ಕೆಯಾಗಿ ಎದ್ದು ಬರುತ್ತದೆ. ಆಮೇಲೆ ಆಳುಗಳು ಉದ್ದ ಹಿಡಿಯ ಉಳಿಯಂಥ ಉಪಕರಣದಿಂದ ತಿರುವಿನ ಬಾಗನ್ನು ಕೈಯಲ್ಲೇ ಹೆರೆದು ಸರಿ ಮಾಡುತ್ತಾರೆ.

ವೇಗ ಮಿತಿ ಮೀರಿದ ದಿನ

2010ರ ಫೆಬ್ರವರಿ 12, ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯ ದಿನ. ಜಾರ್ಜಿಯದ 21 ವರ್ಷದ ನೊದಾರ್ ಕುಮರಿತಾಶ್ವಿಲಿ ವಿಸ್ಲರ್‌ನಲ್ಲಿ ತರಬೇತಿ ಓಟದಲ್ಲಿದ್ದ. 15ನೇ ತಿರುವಿನಿಂದ ತಡವಾಗಿ ಹೊರಬಂದ, ಕೊನೆಯ 16ನೇ ತಿರುವಿನಲ್ಲಿ ಹಿಡಿತ ತಪ್ಪಿ, ಗೋಡೆಯ ಆಚೆಗೆ ಎಸೆಯಲ್ಪಟ್ಟು ಉಕ್ಕಿನ ಕಂಬಕ್ಕೆ ಬಡಿದ. ಆಗ ಅವನ ವೇಗ ಗಂಟೆಗೆ ಸುಮಾರು 144 ಕಿ.ಮೀ. ಅವನು ಉಳಿಯಲಿಲ್ಲ.

ತಿರುವಿನ ಲೆಕ್ಕ ತಿಳಿಯದೆ ಈ ಸಾವನ್ನು ಸ್ಪರ್ಧಿಯ ತಪ್ಪು ಎಂದುಬಿಡುವುದು ಸುಲಭ, ಆದರೆ ಅದು ಅನ್ಯಾಯ. ತಿರುವಿನ ಗೋಡೆಯ ಮೇಲೆ ಸ್ಲೆಡ್ ಏರುತ್ತದೆ, ಗುರುತ್ವ ಅದನ್ನು ಕೆಳಕ್ಕೆಳೆಯುತ್ತದೆ. ಉದ್ದನೆಯ ತಿರುವಿನಲ್ಲಿ ಅದು ಏರುವುದು ಇಳಿಯುವುದು ಎರಡು ಮೂರು ಸಲ ನಡೆಯುತ್ತದೆ. ಹೊರಬರುವ ಕ್ಷಣಕ್ಕೆ ಸ್ಲೆಡ್ ಕೆಳಗೆ ಇರುವಂತೆ, ಒಳಹೋಗುವಾಗಲೇ ಹೊಂದಿಸಿಕೊಳ್ಳಬೇಕು. ಹಿಂದಿನ ತಿರುವಿನಿಂದ ಅರ್ಧ ಮೀಟರ್ ತಡವಾಗಿ ಬಂದರೆ ಮುಂದಿನದಕ್ಕೆ ತಪ್ಪು ಜಾಗದಲ್ಲಿ ಪ್ರವೇಶ, ಅಲೆಯ ಲಯವೇ ಬದಲು, ಹೊರಬರುವ ಹೊತ್ತಿಗೆ ಸ್ಲೆಡ್ ಮೇಲೆ. ಸೆಕೆಂಡಿಗೆ 36 ಮೀಟರ್ ವೇಗದಲ್ಲಿ, 25 ಮೀಟರ್ ತ್ರಿಜ್ಯದ ತಿರುವಿನಲ್ಲಿ ದೇಹದ ಮೇಲೆ ಬೀಳುವುದು ಗುರುತ್ವದ ಐದು ಪಟ್ಟು ಬಲ. 70 ಕೆಜಿ ಮನುಷ್ಯನಿಗೆ 350 ಕೆಜಿ ಆದ ಅನುಭವ. ಹೆಲ್ಮೆಟ್ ಸೇರಿ ಆರು ಕೆಜಿ ತೂಗುವ ತಲೆಯನ್ನು ಕುತ್ತಿಗೆ 30 ಕೆಜಿಯಂತೆ ಹೊರಬೇಕು. ಈ ಸ್ಥಿತಿಯಲ್ಲಿ ತಿದ್ದುಪಡಿಗೆ ಸಿಗುವುದು ಸೆಕೆಂಡಿನ ಸಣ್ಣ ಭಾಗ. ಲ್ಯೂಜ್‌ಗೆ ಸ್ಟೀರಿಂಗ್ ಇಲ್ಲ, ಬ್ರೇಕೂ ಇಲ್ಲ. ಮುಂದಿನ ಬಾಗಿದ ತುದಿಗಳನ್ನು ಮೀನಖಂಡದಿಂದ ಒತ್ತಬೇಕು, ಎದುರು ಭುಜವನ್ನು ಅದುಮಬೇಕು, ಅಷ್ಟೇ.

ದುರಂತದ ನಂತರ ಆ ತಿರುವಿನ ಹೊರಗೋಡೆ ಎತ್ತರಿಸಿದರು, ಪುರುಷರ ಆರಂಭವನ್ನು ಮಹಿಳೆಯರ ಆರಂಭದ ಜಾಗಕ್ಕೆ ಇಳಿಸಿದರು. 2014ರ ಸೋಚಿ ಟ್ರ್ಯಾಕನ್ನು ವೇಗ 135 ಕಿ.ಮೀ. ಸುತ್ತ ನಿಲ್ಲುವಂತೆ, ಮೂರು ಕಡೆ ಏರುಮುಖದ ಭಾಗ ಇಟ್ಟು ಕಟ್ಟಿದರು. ಹೊಸ ಟ್ರ್ಯಾಕಿನ ವಿನ್ಯಾಸಕಾರ ಈಗ ಮೊದಲು ಕೇಳಿಕೊಳ್ಳುವುದು ವೇಗ ಎಷ್ಟರಲ್ಲಿ ನಿಲ್ಲಬೇಕು ಎಂದು. ಆಮೇಲೆ ಅದಕ್ಕೆ ತಕ್ಕಂತೆ ತಿರುವು ಹಾಕುತ್ತಾನೆ. ಇದು ಸರಿಯಾದ ದಾರಿ. 135ರಲ್ಲಿ ಓಡುವ ಸ್ಪರ್ಧೆ 154ರಲ್ಲಿ ಓಡುವುದಕ್ಕಿಂತ ಒಂದಿಷ್ಟೂ ಕಡಿಮೆ ರೋಚಕವಲ್ಲ. ಗೆಲುವು ಸೋಲಿನ ಅಂತರ ಕೂದಲೆಳೆಯಷ್ಟೇ ಇರುತ್ತದೆ. 1998ರ ನಗಾನೊದಲ್ಲಿ ಮಹಿಳೆಯರ ಲ್ಯೂಜ್ ನಾಲ್ಕು ಓಟಗಳ ನಂತರ 0.002 ಸೆಕೆಂಡಿನಲ್ಲಿ ನಿರ್ಧಾರವಾಯಿತು, ಆ ವೇಗದಲ್ಲಿ ಅದು ಅಂಗೈ ಅಗಲದ ದೂರ. ಬಾಬ್‌ಸ್ಲೆಡ್‌ನಲ್ಲಿ ಸೆಕೆಂಡಿನ ನೂರನೇ ಭಾಗದವರೆಗೆ ಮಾತ್ರ ಅಳೆಯುವುದರಿಂದ 1998 ಮತ್ತು 2018ರಲ್ಲಿ ಇಬ್ಬರ ಸ್ಪರ್ಧೆಯ ಚಿನ್ನವನ್ನು ಎರಡೆರಡು ತಂಡಗಳು ಹಂಚಿಕೊಂಡವು.

ರೈಲು ಹಳಿಯ ಮೇಲಿನ ರಾಕೆಟ್ ಸ್ಲೆಡ್‌ಗಳದು ಬೇರೆಯೇ ಲೋಕ, ಚಳ್ಳಕೆರೆ ಕಡೆಯವರಿಗೆ ಅದರ ನಂಟು ಹತ್ತಿರದ್ದು. 1954ರಲ್ಲಿ ಅಮೆರಿಕದ ವೈದ್ಯ ಜಾನ್ ಸ್ಟಾಪ್ ಅಂಥ ಸ್ಲೆಡ್‌ನಲ್ಲಿ ಕೂತು ಗಂಟೆಗೆ 1,017 ಕಿ.ಮೀ. ವೇಗ ಮುಟ್ಟಿ, ಒಂದೂವರೆ ಸೆಕೆಂಡಿಗೂ ಕಡಿಮೆ ಸಮಯದಲ್ಲಿ ನಿಂತರು. ಆಗ ದೇಹ ತಡೆದದ್ದು ಗುರುತ್ವದ 46 ಪಟ್ಟು. ಮನುಷ್ಯರಿಲ್ಲದ ರಾಕೆಟ್ ಸ್ಲೆಡ್ 2003ರಲ್ಲಿ ಅಮೆರಿಕದ ಹಾಲೊಮನ್ ವಾಯುನೆಲೆಯಲ್ಲಿ ಗಂಟೆಗೆ ಸುಮಾರು 10,300 ಕಿ.ಮೀ. ಓಡಿತು. ಗಗನಯಾನದ ಪ್ಯಾರಾಚೂಟುಗಳನ್ನು 2023ರಲ್ಲಿ ಡಿಆರ್‌ಡಿಒ ತನ್ನ ಚಂಡೀಗಢ ಪ್ರಯೋಗಾಲಯದ ಇಂಥ ಹಳಿಯ ಮೇಲೆಯೇ ಪರೀಕ್ಷಿಸಿತು. ಅದೇ ಸಂಸ್ಥೆಯ ಚಿತ್ರದುರ್ಗ ಪರೀಕ್ಷಾ ವಲಯದ ರನ್‌ವೇಯಲ್ಲಿ 2024ರ ಜೂನ್ 23ರಂದು ಇಸ್ರೋದ ಮರುಬಳಕೆಯ ರೆಕ್ಕೆಯ ವಾಹನ ಪುಷ್ಪಕ್ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ, ಬ್ರೇಕ್ ಪ್ಯಾರಾಚೂಟಿನಿಂದ 100ರ ಸಮೀಪಕ್ಕೆ ಇಳಿಯಿತು.

ನಮ್ಮ ಬೆಟ್ಟಕ್ಕೆ ಟ್ರ್ಯಾಕ್ ಹಾಕಿದರೆ?

ಎತ್ತರ ನಮ್ಮಲ್ಲಿದೆ. ಚಿತ್ರದುರ್ಗದ ಬೆಟ್ಟಸಾಲಿನಲ್ಲಿ 120 ಮೀಟರ್ ಇಳಿತ ಹುಡುಕುವುದು ಕಷ್ಟವಲ್ಲ. ಇಲ್ಲದ್ದು ಚಳಿ. 1,500 ಮೀಟರ್ ಉದ್ದ, ನೆಲ ಗೋಡೆ ಸೇರಿ ಸರಾಸರಿ ನಾಲ್ಕು ಮೀಟರ್ ಅಗಲ ಎಂದುಕೊಂಡರೆ 6,000 ಚದರ ಮೀಟರ್ ಮಂಜುಗಡ್ಡೆ. ನೆರಳು ಹೊದಿಸಿಯೂ ಚದರ ಮೀಟರಿಗೆ 200 ವ್ಯಾಟ್ ಶಾಖ ಒಳಬರುತ್ತದೆ ಎಂದು ಒರಟು ಅಂದಾಜು ಹಾಕಿದರೆ 12 ಲಕ್ಷ ವ್ಯಾಟ್, ಅಂದರೆ ಸುಮಾರು 340 ಟನ್ ಶೀತಲೀಕರಣ. ಮನೆಗೆ ಹಾಕಿಸುವ ಒಂದೂವರೆ ಟನ್ ಎಸಿ ಇನ್ನೂರ ಇಪ್ಪತ್ತಕ್ಕೂ ಹೆಚ್ಚು ಬೇಕಾದಷ್ಟು, ಅದೂ ಹಗಲು ರಾತ್ರಿ. ಏಪ್ರಿಲ್‌ನ ಬಿಸಿಲಿಗೆ ಆ ಲೆಕ್ಕವೂ ಸಾಲದು. ನೀರಿಗೆ ಪರದಾಡುವ ಜಿಲ್ಲೆಯಲ್ಲಿ ಇದನ್ನು ಯೋಚಿಸುವುದೇ ತಪ್ಪು.

ಶ್ರೀಮಂತ ದೇಶಗಳೂ ಈ ಭಾರ ಹೊರಲಾಗದೆ ಕೈಬಿಟ್ಟಿವೆ. 1960ರ ಸ್ಕ್ವಾ ವ್ಯಾಲಿ ಒಲಿಂಪಿಕ್ಸ್‌ನಲ್ಲಿ ಬರುವ ದೇಶಗಳು ಕಡಿಮೆ, ಖರ್ಚು ಹೆಚ್ಚು ಎಂದು ಟ್ರ್ಯಾಕನ್ನೇ ಕಟ್ಟಲಿಲ್ಲ, ಆ ವರ್ಷ ಬಾಬ್‌ಸ್ಲೆಡ್ ಇರಲಿಲ್ಲ. 1984ರ ಸರಾಯೆವೊ ಟ್ರ್ಯಾಕ್ ಯುದ್ಧದಲ್ಲಿ ಹಾಳಾಗಿ ಕಾಡಿನ ನಡುವೆ ಬಿದ್ದಿದೆ. 2006ರ ಟ್ಯೂರಿನ್ ಕೂಟಕ್ಕೆ ಕಟ್ಟಿದ ಚೆಸಾನಾ ಟ್ರ್ಯಾಕ್ ಹತ್ತು ವರ್ಷವೂ ಬಾಳಲಿಲ್ಲ. ಅದೇ ಇಟಲಿ ಎರಡು ದಶಕದೊಳಗೆ ಇನ್ನೊಂದು ಕಟ್ಟಿತು ಎಂಬುದೇ ಕೊರ್ಟಿನಾ ವಿರೋಧಿಗಳ ಗಟ್ಟಿ ವಾದ. 2030ಕ್ಕೆ ಫ್ರಾನ್ಸ್ 1992ರ ಲಾ ಪ್ಲಾನ್ಯ ಟ್ರ್ಯಾಕನ್ನೇ ಬಳಸಲಿದೆ, 2034ಕ್ಕೆ ಅಮೆರಿಕದ ಪಾರ್ಕ್ ಸಿಟಿಯಲ್ಲಿ 2002ರ ಟ್ರ್ಯಾಕ್ ಇದೆ. ಇರುವುದನ್ನೇ ಬಳಸುವ ಈ ಪದ್ಧತಿ ಎರಡು ಕೂಟ ಮೊದಲೇ ಬರಬೇಕಿತ್ತು.

ಮೊದಲ ಐವತ್ತು ಮೀಟರ್

ಬಾಬ್‌ಸ್ಲೆಡ್ ತಂಡ ನಿಂತ ಸ್ಲೆಡ್ಡನ್ನು ತಳ್ಳುತ್ತ ಓಡಿ, ಗಡಿಯಾರ ಎಣಿಸುವ ಮೊದಲ ಐವತ್ತು ಮೀಟರನ್ನು ಐದು ಸೆಕೆಂಡಿನ ಆಸುಪಾಸಿನಲ್ಲಿ ದಾಟುತ್ತದೆ. ಇಲ್ಲಿ ಸಿಕ್ಕ 0.1 ಸೆಕೆಂಡ್ ಲಾಭ ಕೆಳಗೆ ತಲುಪುವ ಹೊತ್ತಿಗೆ 0.3ರವರೆಗೆ ಬೆಳೆಯಬಹುದು ಎಂಬುದು ತರಬೇತುದಾರರ ರೂಢಿಯ ಲೆಕ್ಕ. ಕಾರಣ ಸರಳ: ಹೆಚ್ಚುವರಿ ವೇಗ ಒಂದೇ ಕಡೆ ನಿಲ್ಲದೆ ಇಡೀ ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ಕೆಟ್ಟ ಚಾಲಕ ಅದನ್ನು ಗೋಡೆಗೆ ತಾಗಿಸಿ ಕಳೆಯಬಹುದು, ಆದರೆ ನಿಧಾನವಾಗಿ ತಳ್ಳಿದ ತಂಡಕ್ಕೆ ಎಷ್ಟೇ ಒಳ್ಳೆಯ ಚಾಲಕನೂ ಅದನ್ನು ತಂದುಕೊಡಲಾರ.

ಈ ಕೆಲಸಕ್ಕೆ ಬೇಕಾದವರು ಓಟಗಾರರು. ಅಮೆರಿಕದ ಲಾರಿನ್ ವಿಲಿಯಮ್ಸ್ 2004ರಲ್ಲಿ 100 ಮೀಟರ್ ಓಟದ ಬೆಳ್ಳಿ, 2012ರಲ್ಲಿ ರಿಲೇ ಚಿನ್ನ ಗೆದ್ದು, 2014ರಲ್ಲಿ ಬಾಬ್‌ಸ್ಲೆಡ್ ಬೆಳ್ಳಿ ಗೆದ್ದರು. 1988ರಲ್ಲಿ ಉರುಳಿಬಿದ್ದ ಜಮೈಕಾದ ನಾಲ್ವರ ತಂಡ 1994ರಲ್ಲಿ 14ನೇ ಸ್ಥಾನ ಪಡೆದು ಅಮೆರಿಕವನ್ನು ಹಿಂದೆ ಹಾಕಿತು. 2024ರ ಗಾಂಗ್ವಾನ್ ಯುವ ಒಲಿಂಪಿಕ್ಸ್‌ನ ಒಬ್ಬರ ಬಾಬ್‌ನಲ್ಲಿ ಟ್ಯುನೀಷಿಯಾದ ಹುಡುಗನಿಗೂ ಥಾಯ್ಲೆಂಡಿನ ಹುಡುಗಿಗೂ ಬೆಳ್ಳಿ ಬಂತು. ಇಬ್ಬರೂ ಹಿಮವಿಲ್ಲದ ದೇಶದವರು, ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಇಂಥ ದೇಶಗಳ ಮಕ್ಕಳಿಗೆಂದೇ ನಡೆಸುವ ತರಬೇತಿಯಿಂದ ಬಂದವರು. ಭಾರತಕ್ಕೆ ಆರು ಒಲಿಂಪಿಕ್ಸ್‌ಗಳಲ್ಲಿ, 1998ರಿಂದ 2018ರವರೆಗೆ, ಲ್ಯೂಜ್ ಓಡಿಸಿದ ಮನಾಲಿಯ ಶಿವ ಕೇಶವನ್ ಟ್ರ್ಯಾಕ್ ಇಲ್ಲದ ಕಾರಣಕ್ಕೆ ಸ್ಲೆಡ್‌ಗೆ ಚಕ್ರ ಹಾಕಿಕೊಂಡು ಹಿಮಾಲಯದ ರಸ್ತೆಗಳಲ್ಲಿ ಅಭ್ಯಾಸ ಮಾಡಿದರು. ಸೋಚಿಯ ತರಬೇತಿಯಲ್ಲಿ ಸ್ಲೆಡ್‌ನಿಂದ ಬಿದ್ದು, ಓಡುತ್ತಿದ್ದ ಅದನ್ನು ಬಿಡದೆ ಹಿಡಿದು ಮತ್ತೆ ಹತ್ತಿ ಮಲಗಿದರು. ಅವರ ನಂತರ ಒಲಿಂಪಿಕ್ಸ್ ಲ್ಯೂಜ್‌ನಲ್ಲಿ ಭಾರತದವರಿಲ್ಲ.

ಕೇಶವನ್ ಮಾಡಿದಂತೆ ರಸ್ತೆಯಲ್ಲಿ ಓಡಿಸುವುದನ್ನು ಇಲ್ಲಿ ಯಾರೂ ಅನುಕರಿಸಬಾರದು. ಬೇರಿಂಗ್ ಗಾಡಿ ಜೋಗಿಮಟ್ಟಿ ರಸ್ತೆಯಂಥ ಕಡೆ ಎಷ್ಟು ಅಪಾಯ ಎಂದು ಲೆಕ್ಕವೇ ಹೇಳುತ್ತದೆ. ನೂರು ಮೀಟರಿಗೆ ಐದು ಮೀಟರ್ ಇಳಿತ ಇದ್ದರೆ ಸಾಕು, ನೂರು ಮೀಟರ್ ಮುಗಿಯುವಾಗ ವೇಗ 35 ಕಿ.ಮೀ.ವರೆಗೆ ಹೋಗಬಹುದು. ಚಪ್ಪಲಿ ಉಜ್ಜಿ ನಿಲ್ಲಿಸಲು ಹದಿನೈದು ಮೀಟರಿಗೂ ಹೆಚ್ಚು ಬೇಕು, ತಿರುವಿನಾಚೆ ಬರುವ ಲಾರಿಗೆ ಅಷ್ಟು ಸಮಯ ಇರುವುದಿಲ್ಲ.

ಮಾಡಬಹುದಾದದ್ದು ಸಮತಟ್ಟಾದ ತಳ್ಳುಹಳಿ. ಯೂರೋಪಿನ ತಂಡಗಳು ಬೇಸಿಗೆಯಲ್ಲಿ ಅಭ್ಯಾಸ ಮಾಡುವುದು ಇಂಥದ್ದರ ಮೇಲೆಯೇ. ಎರಡು ಸಮಾಂತರ ಕಬ್ಬಿಣದ ಹಳಿ, ನಡುವೆ ಓಡಲು ರಬ್ಬರ್ ಹಾಸು, ಚಕ್ರ ಹಾಕಿದ ಕಬ್ಬಿಣದ ಚೌಕಟ್ಟು, ಹಿಂದೆ ತಳ್ಳಲು ಸೊಂಟದ ಎತ್ತರದ ಹಿಡಿ. ಮೊದಲ 15 ಮೀಟರ್ ಬಹುತೇಕ ಸಮ, ಆಮೇಲೆ ಸಣ್ಣ ಇಳಿಜಾರು, ಕೊನೆಗೆ ಏರು ಮತ್ತು ರಬ್ಬರ್ ತಡೆ. ತೂಕಕ್ಕೆ ಮರಳು ಚೀಲ ಸಾಕು, ಕಲಿಯುವವರಿಗೆ ಹಗುರದಿಂದ ಶುರು ಮಾಡಬೇಕು. ಹಳಿಯ ಜೋಡಣೆಯಲ್ಲಿ ಕೆಲವು ಮಿ.ಮೀ. ಮೆಟ್ಟಿಲಾದರೂ ಚಕ್ರ ಹಾರಿ ಹಿಡಿ ಕೈಗೆ ಬಡಿಯುತ್ತದೆ, ಆದ್ದರಿಂದ ಬೆಸುಗೆ ಹಾಕಿ ಮೇಲ್ಭಾಗ ಉಜ್ಜಿಸಲೇಬೇಕು. ಸ್ಲೆಡ್ಡನ್ನು ಕದಲಿಸುವ ಮೊದಲ ಎರಡು ಹೆಜ್ಜೆಯಲ್ಲಿ ಮೊಣಕೈ ಬಾಗಿದ್ದರೆ ಬಲ ಸೋರುತ್ತದೆ, ತೋಳು ನೇರ, ಸೊಂಟ ತಗ್ಗು, ಹಿಮ್ಮಡಿ ಎತ್ತಿ ಇರಬೇಕು. ಒಳಗೆ ಹಾರುವ ಕ್ಷಣ ಇನ್ನೊಂದು ಸೋರುವ ಜಾಗ. ಸ್ಲೆಡ್ ವೇಗ ಓಟಗಾರನ ವೇಗ ಮೀರುವ ಮುಂಚೆ ಹಾರಬೇಕು. ತಡವಾದರೆ ಅವನು ಸ್ಲೆಡ್ಡನ್ನು ಹಿಂದಕ್ಕೆಳೆದಂತಾಗುತ್ತದೆ.

ದಾವಣಗೆರೆ ಜಿಲ್ಲಾ ಕ್ರೀಡಾಂಗಣದಲ್ಲಿ ಈ ಹಳಿ ಇಲ್ಲದೆಯೂ ಆಯ್ಕೆ ಶುರು ಮಾಡಬಹುದು. ನಿಂತ ಜಾಗದಿಂದ 30 ಮತ್ತು 60 ಮೀಟರ್ ಓಟ, ಎರಡು ಕಾಲಿನ ಉದ್ದ ಜಿಗಿತ, ಕಾಲ ನಡುವಿನಿಂದ ಗುಂಡನ್ನು ಮುಂದಕ್ಕೆಸೆಯುವುದು, ಭಾರ ಎತ್ತುವುದು: ಬಾಬ್‌ಸ್ಲೆಡ್ ತಂಡಗಳು ಹೊಸಬರನ್ನು ಅಳೆಯುವುದು ಬಹುತೇಕ ಇಷ್ಟರಿಂದಲೇ. ತಲೆಗೆ 105 ಕೆಜಿ ಲೆಕ್ಕವನ್ನು ನೆನಪಿಡಿ. ನೂರು ಮೀಟರನ್ನು ಹನ್ನೊಂದು ಸೆಕೆಂಡಿನ ಆಸುಪಾಸಿನಲ್ಲಿ ಓಡುವ, ಜೊತೆಗೆ 90–100 ಕೆಜಿ ತೂಗುವ ಯುವಕ ಓಟದ ಫೈನಲ್‌ನಲ್ಲಿ ಹಿಂದೆ ಬೀಳುತ್ತಾನೆ, ಇಲ್ಲಿ ಅವನೇ ಬೇಕಾದವನು. ಅಂಥವರು ಗರಡಿಯಲ್ಲಿ, ಕಬಡ್ಡಿ ಅಂಕಣದಲ್ಲಿ, ಗುಂಡೆಸೆತದಲ್ಲಿ ಸಿಗುತ್ತಾರೆ. ಹುಡುಗಿಯರಿಗೆ ಒಬ್ಬರ ಬಾಬ್ 2022ರಿಂದ ಒಲಿಂಪಿಕ್ಸ್‌ನಲ್ಲಿದೆ. ತಂಡ ಕಟ್ಟುವ ತಾಪತ್ರಯವಿಲ್ಲದೆ ಒಬ್ಬಳೇ ಕಲಿಯಬಹುದಾದ ಸ್ಪರ್ಧೆ ಅದು.

ಮಂಜಿನ ಮೇಲೆ ಇಳಿಯಲು ಏಷ್ಯಾದಲ್ಲಿ ಹತ್ತಿರದ ಟ್ರ್ಯಾಕುಗಳು ಪ್ಯೊಂಗ್‌ಚಾಂಗ್ ಮತ್ತು ಚೀನಾದ ಯಾಂಚಿಂಗ್. ಆಯ್ಕೆಯಾದ ಮಕ್ಕಳನ್ನು ಅಲ್ಲಿಗೆ ಕಳಿಸುವ ಮೊದಲು ಕನಿಷ್ಠ ಆರು ತಿಂಗಳು ಕುತ್ತಿಗೆಯ ಸ್ನಾಯು ಬಲಪಡಿಸುವ ವ್ಯಾಯಾಮ ನಡೆಯಬೇಕು. ಮೊದಲ ಓಟಗಳು ಟ್ರ್ಯಾಕಿನ ಕೆಳಭಾಗದ ಕಡಿಮೆ ವೇಗದ ಆರಂಭದಿಂದಲೇ ಇರಬೇಕು, ಮೇಲಕ್ಕೆ ಹೋಗುವುದು ತಿರುವು ತಿರುವು ಕಲಿತ ಮೇಲೆ. ಬಾಬ್ ಮತ್ತು ಸ್ಕೆಲೆಟನ್ ಸ್ಪರ್ಧಿಗಳಲ್ಲಿ ಪದೇ ಪದೇ ತಲೆ ಅದುರಿ ತಲೆನೋವು, ಮಂಪರು ಉಳಿಯುವ ಸಮಸ್ಯೆ ಗಂಭೀರವಾದದ್ದು. ತಲೆಗೆ ಪೆಟ್ಟು ಬಿದ್ದ ದಿನ, ಸ್ಪರ್ಧಿ ಎಷ್ಟೇ ಒತ್ತಾಯಿಸಿದರೂ, ಎರಡನೇ ಓಟಕ್ಕೆ ಬಿಡಬಾರದು. ಈ ನಿಯಮವನ್ನು ಇಲ್ಲಿಂದ ಹೊರಡುವ ಮೊದಲೇ ತರಬೇತುದಾರರಿಗೂ ಪೋಷಕರಿಗೂ ಬರಹದಲ್ಲಿ ಕೊಟ್ಟು ಒಪ್ಪಿಗೆ ಪಡೆಯಬೇಕು.